ಕಾಪಿಯಿಂದ ಐಯುಗೆ: ಹೆಪಟೈಟಿಸ್ ಬಿ ವೈರಲ್ ಲೋಡ್ ಪರೀಕ್ಷೆಯ ಅಳತೆಯನ್ನು ಸರಿಗೂಡಿಸುವ ಬಗೆ

ರೋಗಿಯೊಬ್ಬರ ಹಳೆಯ ರಿಪೋರ್ಟಿನಲ್ಲಿ ‘ಎಚ್‌ಬಿವಿ ಡಿಎನ್‌ಎ 10,000 ಕಾಪಿ/ಮಿ.ಲೀ.’ ಎಂದಿದೆ ಅಂದುಕೊಳ್ಳಿ. ಎಚ್‌ಬಿವಿ ಅಂದರೆ ಹೆಪಟೈಟಿಸ್ ಬಿ ವೈರಸ್, ಕಾಪಿ ಅಂದರೆ ಅದರ ಜೀನೋಮಿನ ಒಂದು ಪ್ರತಿ, ವೈರಲ್ ಲೋಡ್ ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ. ಚಿಕಿತ್ಸೆಯ ಮಾರ್ಗಸೂಚಿಗಳು ಹಿಡಿದಿರುವ ಗಡಿ ಇಂಟರ್‌ನ್ಯಾಷನಲ್ ಯೂನಿಟ್ ಎಂಬ ಅಳತೆಯಲ್ಲಿದೆ, 2,000 ಐಯು/ಮಿ.ಲೀ. ಒಂದು ಕಿಟ್ಟಿನ ಲೆಕ್ಕದಲ್ಲಿ ಒಂದು ಐಯುಗೆ 3.4 ಕಾಪಿ. ಹಾಗೆ ಭಾಗಿಸಿದರೆ 2,941 ಐಯು, ಗಡಿಯ ಮೇಲೆ. ಇನ್ನೊಂದು ಕಿಟ್ಟಿನ ಲೆಕ್ಕದಲ್ಲಿ ಒಂದು ಐಯುಗೆ 5.8 ಕಾಪಿ. ಹಾಗೆ ಭಾಗಿಸಿದರೆ 1,724, ಗಡಿಯ ಕೆಳಗೆ. ರಕ್ತ ಅದೇ, ರೋಗಿ ಅವರೇ, ಕಾಗದದ ಮೇಲಿನ ಅಂಕಿಯೂ ಅದೇ. ಯಾವ ಕಿಟ್ಟಿನಲ್ಲಿ ಮಾಡಿದ್ದು ಎಂದು ಗೊತ್ತಿಲ್ಲದಿದ್ದರೆ ಆ ಹಳೆಯ ಅಂಕಿಯನ್ನು ಐಯುಗೆ ತಿರುಗಿಸಲು ಹೋಗಲೇಬೇಡಿ. ಅಂಕಿಯನ್ನು ಪರಿವರ್ತಿಸುವುದರಿಂದ ಅಳತೆ ಸರಿಯಾಗುವುದಿಲ್ಲ, ಪರೀಕ್ಷೆಯನ್ನೇ ಅಂತರರಾಷ್ಟ್ರೀಯ ಮಾನಕಕ್ಕೆ ಕಟ್ಟಬೇಕು. ಸ್ವಂತವಾಗಿ ರಿಯಲ್ ಟೈಮ್ ಪಿಸಿಆರ್ ಹೂಡಿಕೊಂಡಿರುವ ಅಥವಾ ಕಿಟ್ಟಿನ ಕ್ಯಾಲಿಬ್ರೇಟರನ್ನು (ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಹೋಲಿಕೆಯ ಸ್ಯಾಂಪಲ್ಲನ್ನು) ತಾವೇ ಪರಿಶೀಲಿಸಬೇಕಾದ ಲ್ಯಾಬುಗಳಿಗಾಗಿ ಈ ಬರಹ. ಉದಾಹರಣೆಗೆ ಹೆಪಟೈಟಿಸ್ ಬಿ ಹಿಡಿದಿದ್ದೇವೆ. ಎಚ್‌ಸಿವಿಗೂ (ಹೆಪಟೈಟಿಸ್ ಸಿ ವೈರಸ್) ಸಿಎಂವಿಗೂ (ಸೈಟೊಮೆಗಾಲೊವೈರಸ್) ಕ್ರಮ ಬಹುಪಾಲು ಇದೇ.

ಐಯು ಅಂದರೆ ಎಣಿಕೆಯಲ್ಲ

ಹಿಂದೆ ಒಂದೂರಿನ ಸೇರಿಗೂ ಪಕ್ಕದೂರಿನ ಸೇರಿಗೂ ಹೊಂದುತ್ತಿರಲಿಲ್ಲ. ಕಾಪಿ/ಮಿ.ಲೀ. ಎಂಬುದರ ಕಥೆಯೂ ಅಷ್ಟೇ. ಎಣಿಸಿದ್ದೇವೆ ಎಂಬ ಭಾವನೆ ಬರುತ್ತದೆ, ಆದರೆ ಪ್ರತಿ ಲ್ಯಾಬಿನ ಸೇರು ಬೇರೆ. ಐಯು ಅಂದರೆ ಇಂಟರ್‌ನ್ಯಾಷನಲ್ ಯೂನಿಟ್. ಅದರಲ್ಲಿ ಇಷ್ಟು ಅಣುಗಳಿವೆ ಎಂದು ಯಾರೂ ಹೇಳುವುದಿಲ್ಲ. ವೈರಸ್ ಇರುವ ಪ್ಲಾಸ್ಮಾವನ್ನು ಸಾವಿರಾರು ಸೀಸೆಗಳಿಗೆ ಸಮನಾಗಿ ತುಂಬಿ, ಶೀತದಲ್ಲಿ ಒಣಗಿಸಿ, ಬೇರೆ ಬೇರೆ ದೇಶಗಳ ಲ್ಯಾಬುಗಳಿಗೆ ಕೊಟ್ಟು ಅಳೆಸುತ್ತಾರೆ. ಬಂದ ಫಲಿತಾಂಶಗಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ‘ಈ ಸೀಸೆಯಲ್ಲಿ ಇಷ್ಟು ಐಯು’ ಎಂದು ಗೊತ್ತುಮಾಡುತ್ತದೆ. ಒಪ್ಪಂದದಿಂದ ಹುಟ್ಟಿದ ಅಂಕಿ ಅದು. ಮೊದಲ ಸೀಸೆ ಎಚ್‌ಸಿವಿಯದು, 1997ರಲ್ಲಿ. ಎಚ್‌ಬಿವಿ ಮತ್ತು ಎಚ್‌ಐವಿ 1999ರಲ್ಲಿ ಬಂದವು, ಸಿಎಂವಿ 2010ರಲ್ಲಿ, ಇಬಿವಿ (ಎಪ್‌ಸ್ಟೈನ್-ಬಾರ್ ವೈರಸ್) 2011ರಲ್ಲಿ. ಹೆಚ್ಚಿನವನ್ನು ತಯಾರಿಸಿ ಹಂಚುವುದು ಇಂಗ್ಲೆಂಡಿನ ಪಾಟರ್ಸ್ ಬಾರ್‌ನಲ್ಲಿರುವ ನಿಬ್ಸ್ಕ್ (NIBSC) ಎಂಬ ಜೈವಿಕ ಮಾನಕಗಳ ಸಂಸ್ಥೆ. ಕೆಲವನ್ನು ಜರ್ಮನಿಯ ಪಾಲ್ ಎರ್ಲಿಶ್ ಸಂಸ್ಥೆ ನೋಡಿಕೊಳ್ಳುತ್ತದೆ.

ಕಾಪಿ ಯಾಕೆ ಲ್ಯಾಬಿನಿಂದ ಲ್ಯಾಬಿಗೆ ಬದಲಾಗುತ್ತದೆ ಎಂಬುದನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ಸ್ವಂತ ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಪ್ಲಾಸ್ಮಿಡ್ (ವೈರಸ್ಸಿನ ತುಣುಕನ್ನು ಸೇರಿಸಿದ ಉಂಗುರದಂಥ ಡಿಎನ್‌ಎ) ಇಟ್ಟುಕೊಂಡು ಸ್ಟ್ಯಾಂಡರ್ಡ್ ಕರ್ವ್, ಅಂದರೆ ಗೊತ್ತಿರುವ ಪ್ರಮಾಣಗಳಿಂದ ಅಳತೆಯ ಗೆರೆ, ಎಳೆಯುತ್ತಾರೆ. 4,000 ಬೇಸ್ ಜೋಡಿಯ ಪ್ಲಾಸ್ಮಿಡ್ ಒಂದು ನ್ಯಾನೊಗ್ರಾಂ ಇದ್ದರೆ, ಜೋಡಿಗೆ 650 ತೂಕದ ಲೆಕ್ಕದಲ್ಲಿ ಸುಮಾರು 23 ಕೋಟಿ ಕಾಪಿ. ಆ ಒಂದು ನ್ಯಾನೊಗ್ರಾಂ ಎಂಬುದು ಎಲ್ಲಿಂದ ಬಂತು? 260 ನ್ಯಾನೊಮೀಟರಿನಲ್ಲಿ ಬೆಳಕು ಹೀರಿದ್ದರಿಂದ. ಆ ಬೆಳಕನ್ನು ಉಳಿದ ಆರ್‌ಎನ್‌ಎ ಕೂಡ ಹೀರುತ್ತದೆ, ಬಿಡಿ ನ್ಯೂಕ್ಲಿಯೊಟೈಡುಗಳೂ ಹೀರುತ್ತವೆ. ಬುಡದಲ್ಲೇ ತಪ್ಪು ಸೇರಿತು. ಅದಕ್ಕಿಂತ ದೊಡ್ಡದು ಎಕ್ಸ್‌ಟ್ರಾಕ್ಷನ್ನಿನ, ಅಂದರೆ ಸ್ಯಾಂಪಲ್ಲಿನಿಂದ ಡಿಎನ್‌ಎ ಬೇರ್ಪಡಿಸುವಾಗಿನ, ನಷ್ಟ. ಪ್ಲಾಸ್ಮಿಡ್ ನೇರವಾಗಿ ಪಿಸಿಆರ್ ಟ್ಯೂಬಿಗೆ ಬೀಳುತ್ತದೆ. ರೋಗಿಯ ಡಿಎನ್‌ಎ ಮಾತ್ರ ಲೈಸಿಸ್ (ವೈರಸ್ ಒಡೆಯುವುದು), ವಾಷ್, ಎಲ್ಯೂಷನ್ (ಡಿಎನ್‌ಎಯನ್ನು ಬಫರಿಗೆ ಬಿಡಿಸಿಕೊಳ್ಳುವುದು) ಎಲ್ಲ ದಾಟಿ ಬರಬೇಕು. ದಾರಿಯಲ್ಲಿ 100ಕ್ಕೆ 40 ಮಾತ್ರ ಉಳಿದರೆ ಫಲಿತಾಂಶ 0.4 ಲಾಗ್ (ಒಂದು ಲಾಗ್ ಅಂದರೆ ಹತ್ತು ಪಟ್ಟು) ಕೆಳಗಿಳಿಯುತ್ತದೆ, ಕರ್ವಿಗೆ ಅದರ ಸುಳಿವೂ ಇರುವುದಿಲ್ಲ. ಮೇಲಾಗಿ ಎಚ್‌ಬಿವಿಯ 3.2 ಕಿಲೊಬೇಸಿನ ವೃತ್ತಾಕಾರದ ಜೀನೋಮಿನಲ್ಲಿ ಒಂದು ಎಳೆ ಅರ್ಧಂಬರ್ಧ ಇರುತ್ತದೆ. ಪ್ರೈಮರುಗಳು (ಪಿಸಿಆರ್ ಶುರುವಾಗುವ ಜಾಗವನ್ನು ಹಿಡಿಯುವ ಚಿಕ್ಕ ಡಿಎನ್‌ಎ ತುಣುಕುಗಳು) ಆ ಒಂಟಿ ಎಳೆಯ ಜಾಗದಲ್ಲಿ ಕೂತರೆ ಪೂರ್ತಿ ಜೋಡಿ ಎಳೆಯ ಪ್ಲಾಸ್ಮಿಡ್ಡಿಗೆ ಹೋಲಿಸಿದ ಎಣಿಕೆ ಮತ್ತೆ ಬೇರೆಯಾಗುತ್ತದೆ.

ಇನ್ನೊಂದು ಗುಣಾಕಾರದ ತಪ್ಪು ನಾವು ಊಹಿಸುವುದಕ್ಕಿಂತ ಹೆಚ್ಚು ಕಡೆ ನಡೆಯುತ್ತದೆ. 500 ಮೈಕ್ರೊಲೀಟರ್ ಪ್ಲಾಸ್ಮಾ ತೆಗೆದುಕೊಂಡು 50ಕ್ಕೆ ಎಲ್ಯೂಟ್ ಮಾಡಿ, ಅದರಲ್ಲಿ 10 ಪಿಸಿಆರಿಗೆ ಹಾಕಿದರೆ ಒಂದು ಟ್ಯೂಬು 100 ಮೈಕ್ರೊಲೀಟರ್ ಪ್ಲಾಸ್ಮಾಕ್ಕೆ ಸಮ. ಮಿಲಿಲೀಟರಿಗೆ ಬರಲು 10ರಿಂದ ಗುಣಿಸಬೇಕು. ಆಮೇಲೆ ಯಾರೋ ‘ಬಫರ್ ಸಾಲುತ್ತಿಲ್ಲ’ ಎಂದು ಎಲ್ಯೂಷನ್ನನ್ನು 100ಕ್ಕೆ ಏರಿಸುತ್ತಾರೆ. ಎಕ್ಸೆಲ್ ಹಾಳೆಯಲ್ಲಿ ಗುಣಕ 10 ಹಾಗೇ ಉಳಿದಿರುತ್ತದೆ. ಅಂದಿನಿಂದ ಎಲ್ಲ ರೋಗಿಗಳ ಲೋಡೂ ಅರ್ಧಕ್ಕೆ ಇಳಿದಿರುತ್ತದೆ.

ಸೀಸೆ ತರಿಸುವುದು

ನಿಮಗೆ ಬರುವ ಸೀಸೆಯ ಕೋಡ್ ಬಹಳ ಮುಖ್ಯ, ಯಾಕೆಂದರೆ ಒಂದು ತಲೆಮಾರಿನ ಸೀಸೆಗಳು ಮುಗಿದಾಗ ಹೊಸದು ಬರುತ್ತದೆ, ಅದರ ಅಂಕಿಯೂ ಬೇರೆ. ಎಚ್‌ಬಿವಿಯ ಮೂರನೇ ಮಾನಕ 10/264ರಲ್ಲಿ ಮಿಲಿಲೀಟರಿಗೆ 8,50,000 ಐಯು. ನಾಲ್ಕನೆಯದು 10/266ರಲ್ಲಿ 9,55,000, ಅಂದರೆ 5.98 ಲಾಗ್. ಹಳೆಯ ಎಸ್‌ಒಪಿಯಲ್ಲಿರುವ (ಲ್ಯಾಬಿನ ಕಾರ್ಯವಿಧಾನದ ಕಡತದಲ್ಲಿರುವ) ಅಂಕಿಯನ್ನು ಹೊಸ ಸೀಸೆಗೆ ಹಾಕಿದರೆ ಸುಮಾರು 0.05 ಲಾಗ್ ವ್ಯತ್ಯಾಸ ಬರುತ್ತದೆ. ಸಣ್ಣದೇ, ಆದರೆ ಪ್ರತಿ ಫಲಿತಾಂಶಕ್ಕೂ ಅಂಟಿಕೊಳ್ಳುತ್ತದೆ. ಜೊತೆಗೆ ಬರುವ ಕಾಗದದಲ್ಲಿ ‘ಸೀಸೆಗೆ’ ಎಂದಿದೆಯೋ ‘ಮಿಲಿಲೀಟರಿಗೆ’ ಎಂದಿದೆಯೋ ನೋಡಿ. 10/266 ಸೀಸೆಗೆ ಅರ್ಧ ಮಿಲಿಲೀಟರ್ ನೀರು ಸೇರಿಸಬೇಕು. ಆದ್ದರಿಂದ ಇಡೀ ಸೀಸೆಯಲ್ಲಿರುವುದು 4,77,500 ಐಯು ಮಾತ್ರ. ಎಚ್‌ಐವಿಯ ಕೆಲವು ತಲೆಮಾರುಗಳಲ್ಲಿ ಅಂಕಿಯನ್ನು ಸೀಸೆಯ ಲೆಕ್ಕದಲ್ಲಿ ಕೊಟ್ಟಿದ್ದಾರೆ. ಎರಡನ್ನೂ ಒಂದೇ ಎಂದುಕೊಂಡರೆ ನೇರ ಎರಡು ಪಟ್ಟು ತಪ್ಪು.

ಮನುಷ್ಯರ ರಕ್ತದಿಂದ ಮಾಡಿದ ವಸ್ತುವಾದ್ದರಿಂದ ವಿದೇಶದಿಂದ ತರಿಸಲು ಪರವಾನಗಿಯ ಕಾಗದಪತ್ರ ಬೇಕು. ಆರ್ಡರ್ ಹಾಕುವ ಬಹಳ ಮೊದಲೇ ಅದನ್ನು ಶುರುಮಾಡಿ. ಬಂದ ಸೀಸೆಗಳನ್ನು ತೆರೆಯದೆ ಮೈನಸ್ 20 ಅಥವಾ ಅದಕ್ಕೂ ಕೆಳಗೆ ಇಡಿ. ಮೂರು ಸೀಸೆ ತರಿಸಿದರೆ ಸಾಕು. ಮಾನಕದ ಸೀಸೆ ದಿನಬಳಕೆಗಲ್ಲ, ನಿಮ್ಮದೇ ಎರಡನೇ ಹಂತದ ಮಾನಕಕ್ಕೆ ಬೆಲೆ ಕಟ್ಟುವುದಕ್ಕೆ, ಅಂದರೆ ಅದರಲ್ಲಿ ಎಷ್ಟು ಐಯು ಇದೆ ಎಂದು ಗೊತ್ತುಮಾಡುವುದಕ್ಕೆ, ಮಾತ್ರ.

ದುರ್ಬಲಗೊಳಿಸುವ ದಿನ

ಮೊದಲು ಬೇಕಾಗುವುದು ವೈರಸ್ ಇಲ್ಲದ ಮನುಷ್ಯರ ಇಡಿಟಿಎ ಪ್ಲಾಸ್ಮಾ, ಕನಿಷ್ಠ ನೂರು ಮಿಲಿಲೀಟರ್. ಎಚ್‌ಬಿಎಸ್‌ಎಜಿ (ವೈರಸ್ಸಿನ ಹೊರಮೈಯ ಪ್ರೊಟೀನ್), ಆಂಟಿ-ಎಚ್‌ಬಿಸಿ (ವೈರಸ್ಸಿನ ಒಳತಿರುಳಿನ ವಿರುದ್ಧದ ಪ್ರತಿಕಾಯ) ಮತ್ತು ನ್ಯಾಟ್ (ವೈರಸ್ಸಿನ ಜೀನೋಮನ್ನೇ ಹುಡುಕುವ ಪರೀಕ್ಷೆ) ಮೂರರಲ್ಲೂ ನೆಗೆಟಿವ್ ಇರಬೇಕು. ಎಚ್‌ಬಿಎಸ್‌ಎಜಿ ಒಂದನ್ನೇ ನಂಬಿದರೆ ಒಳಗೊಳಗೇ ಅಡಗಿದ ಸೋಂಕು ತಪ್ಪಿಸಿಕೊಳ್ಳುತ್ತದೆ, ಆಗ ನಿಮ್ಮ ‘ಸೊನ್ನೆ’ಯೇ ಪಾಸಿಟಿವ್ ಆಗಿ ಕೂರುತ್ತದೆ. ಹೆಪಾರಿನ್ ಪ್ಲಾಸ್ಮಾ ಬೇಡ, ಅದು ಪಿಸಿಆರನ್ನು ತಡೆಯುತ್ತದೆ. ಫ್ರೀಜರಿನಿಂದ ತೆಗೆದ ಪ್ಲಾಸ್ಮಾದಲ್ಲಿ ಬಿಳಿ ಎಳೆಗಳು ತೇಲುವುದುಂಟು. ಅವು ಟಿಪ್ಪಿಗೆ ಸಿಕ್ಕಿಕೊಂಡರೆ ಎಳೆದುಕೊಂಡ ಪ್ರಮಾಣ ಕಡಿಮೆಯಾಗುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ. ಸೆಂಟ್ರಿಫ್ಯೂಜಿನಲ್ಲಿ 3,000 ಜಿಯಲ್ಲಿ 10 ನಿಮಿಷ ತಿರುಗಿಸಿ ಮೇಲಿನ ತಿಳಿಯನ್ನು ಮಾತ್ರ ಬಳಸಿ.

ನೀರಿನಲ್ಲೋ ಟಿಇ ಬಫರಿನಲ್ಲೋ ದುರ್ಬಲಗೊಳಿಸಬಾರದೇ ಎಂದು ಕೇಳುವವರಿದ್ದಾರೆ. ಕೂಡದು. ಕಡಿಮೆ ಸಾಂದ್ರತೆಯಲ್ಲಿ ವೈರಸ್ ಪ್ಲಾಸ್ಟಿಕ್ಕಿನ ಗೋಡೆಗೆ ಅಂಟಿಕೊಳ್ಳುತ್ತದೆ, ಪ್ರೊಟೀನ್ ಇದ್ದರೆ ಅದು ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ಪ್ಲಾಸ್ಮಾದ ಪ್ರೊಟೀನು, ಕೊಬ್ಬು ಎಲ್ಲವನ್ನೂ ಸೇರಿಸಿ ಎಕ್ಸ್‌ಟ್ರಾಕ್ಷನ್ ಹೇಗೆ ನಡೆಯುತ್ತದೋ ಮಾನಕವೂ ಅದೇ ಕಷ್ಟಗಳನ್ನು ದಾಟಿ ಬರಬೇಕು. ಇಡೀ ಕೆಲಸದ ಜೀವಾಳ ಇದು.

ಸೀಸೆಯನ್ನು ನೆಟ್ಟಗೆ ಹಿಡಿದು ತಟ್ಟಿ, ಪುಡಿ ಬುಡಕ್ಕೆ ಬಿದ್ದ ಮೇಲೆ ಮೆಲ್ಲಗೆ ತೆರೆಯಿರಿ. ನ್ಯೂಕ್ಲಿಯೇಸ್ ಇಲ್ಲದ ನೀರು 0.5 ಮಿ.ಲೀ. ಹಾಕಿ ಕನಿಷ್ಠ 20 ನಿಮಿಷ ಬಿಡಿ, ನಡುನಡುವೆ ಅಲುಗಾಡಿಸಿ. ಅವಸರದಲ್ಲಿ ಐದೇ ನಿಮಿಷಕ್ಕೆ ತೆಗೆದರೆ ಅಂಚಿಗೆ ಅಂಟಿದ ಪುಡಿ ಕರಗದೆ ಉಳಿಯುತ್ತದೆ. ಅರ್ಧ ಮಿಲಿಲೀಟರ್ ಹಾಕಿದೆ ಎಂದು ಅಷ್ಟೂ ವಾಪಸು ಬರುವುದಿಲ್ಲ, ಒಂದಿಷ್ಟು ಗೋಡೆಗೆ ನಿಂತೇ ನಿಲ್ಲುತ್ತದೆ. ಹಾಗಾಗಿ 0.4 ಮಿ.ಲೀ. ಮಾತ್ರ ತೆಗೆಯಿರಿ. ಅದರಲ್ಲಿ 3,82,000 ಐಯು ಇದೆ. ಅದಕ್ಕೆ 3.42 ಮಿ.ಲೀ. ಪ್ಲಾಸ್ಮಾ ಸೇರಿಸಿದರೆ ಒಟ್ಟು 3.82 ಮಿ.ಲೀ., ಮಿಲಿಲೀಟರಿಗೆ ಸರಿಯಾಗಿ 1,00,000 ಐಯು. ಅಲ್ಲಿಂದ ಮುಂದೆ 0.5ಕ್ಕೆ 4.5 ಪ್ಲಾಸ್ಮಾ ಸೇರಿಸುತ್ತ 10,000, 1,000, 100 ಎಂದು ಇಳಿಯಿರಿ.

ಪ್ಲಾಸ್ಮಾ ನೀರಿಗಿಂತ ಮಂದ. ಒಣ ಟಿಪ್ಪಿನಲ್ಲಿ ಮೊದಲ ಬಾರಿ ಎಳೆದದ್ದು ಒಳಗೋಡೆಗೆ ಲೇಪವಾಗಿ ಉಳಿಯುತ್ತದೆ. ಎರಡು ಮೂರು ಬಾರಿ ಎಳೆದು ಬಿಟ್ಟು ಟಿಪ್ಪನ್ನು ತೋಯಿಸಿಕೊಂಡು ಆಮೇಲೆ ಅಳೆಯಿರಿ. ಸಂಶಯವಿದ್ದರೆ ತಕ್ಕಡಿಗೆ ಕೇಳಿ: ಪ್ಲಾಸ್ಮಾದ ಸಾಂದ್ರತೆ ಸುಮಾರು 1.025, ಹಾಗಾಗಿ 3.42 ಮಿ.ಲೀ. ಪ್ಲಾಸ್ಮಾ 3.51 ಗ್ರಾಂ ಹತ್ತಿರ ತೂಗಬೇಕು. ಪ್ರತಿ ಹಂತಕ್ಕೂ ಹೊಸ ಟಿಪ್. ಹತ್ತು ಸಲ ತಲೆಕೆಳಗು ಮಾಡಿ ಬೆರೆಸಿ, ಮುಚ್ಚಳದ ಹನಿ ಇಳಿಸಲು ಒಂದು ಸುತ್ತು ತಿರುಗಿಸಿ. ಹಾಗೆಂದು ಪಿಪೆಟ್ಟಿನ ಬಗ್ಗೆ ಅತಿಯಾಗಿ ಹೆದರುವುದೂ ಬೇಡ. ಐದು ಹಂತದಲ್ಲಿ ಪ್ರತಿ ಸಲವೂ ಒಂದೇ ದಿಕ್ಕಿಗೆ ಶೇ. 3 ತಪ್ಪಿದರೂ ಕೊನೆಗೆ ಶೇ. 16, ಅಂದರೆ 0.06 ಲಾಗ್. ಬೆರೆಸದೆ ಬಿಟ್ಟರೆ, ಟಿಪ್ ಬದಲಿಸದೆ ಹೋದರೆ ಇದರ ಹತ್ತು ಪಟ್ಟು ತಪ್ಪು ಬರುತ್ತದೆ.

ಈ ಕೆಲಸವನ್ನು ಪಿಸಿಆರ್ ಮಿಶ್ರಣ ಮಾಡುವ ಕೋಣೆಯಲ್ಲಿ ಮಾಡಬೇಡಿ. ಮಾನಕವನ್ನು ಸೋಂಕು ತಗುಲುವ ವಸ್ತುವೆಂದೇ ಭಾವಿಸಿ ಬಯೋಸೇಫ್ಟಿ ಕ್ಯಾಬಿನೆಟ್ಟಿನೊಳಗೆ ತೆರೆಯಿರಿ. ಎಕ್ಸ್‌ಟ್ರಾಕ್ಷನ್ನಿಗೆ ಇಡುವಾಗ ಕಡಿಮೆ ಸಾಂದ್ರತೆಯಿಂದ ಹೆಚ್ಚಿನದಕ್ಕೆ ಹೋಗಿ, ನಡುವೆ ಕನಿಷ್ಠ ಎರಡು ಖಾಲಿ ಪ್ಲಾಸ್ಮಾ ಇರಲಿ.

ಓಡಿಸುವುದು, ಲೆಕ್ಕ ಹಾಕುವುದು

ನಾಲ್ಕು ಹಂತ, ಪ್ರತಿ ಹಂತಕ್ಕೆ ಮೂರು ಬೇರೆ ಬೇರೆ ಎಕ್ಸ್‌ಟ್ರಾಕ್ಷನ್. ಒಂದೇ ಎಲ್ಯೂಟನ್ನು ಮೂರು ಬಾವಿಗೆ (ಪಿಸಿಆರ್ ತಟ್ಟೆಯ ಕುಳಿಗಳಿಗೆ) ಹಾಕಿದರೆ ಮೂರಾಗುವುದಿಲ್ಲ, ಅದು ಪಿಸಿಆರಿನ ಏರುಪೇರನ್ನಷ್ಟೇ ತೋರಿಸುತ್ತದೆ. ಮೂರು ಬೇರೆ ದಿನ, ಪ್ರತಿ ದಿನ ಹೊಸ ಸೀಸೆ, ಸಾಧ್ಯವಾದರೆ ಮಾಡುವವರು ಇಬ್ಬರು, ಕಿಟ್ಟಿನ ಲಾಟ್ ಎರಡು. ಕರ್ವಿನ ಇಳಿಜಾರು ಮೈನಸ್ 3.1ರಿಂದ 3.6ರ ನಡುವೆ ಇರಬೇಕು. ಮೈನಸ್ 3.32 ಬಂದರೆ ಪ್ರತಿ ಸುತ್ತಿಗೆ ಡಿಎನ್‌ಎ ಸರಿಯಾಗಿ ಎರಡು ಪಟ್ಟಾಗುತ್ತಿದೆ.

ಈಗ ನಿಮ್ಮ ಪರೀಕ್ಷೆ ಕಾಪಿಯಲ್ಲಿ ಕೊಟ್ಟ ಉತ್ತರವನ್ನು ಲಾಗಿಗೆ ತಿರುಗಿಸಿ ಐಯುವಿನ ಲಾಗಿನ ಪಕ್ಕ ಇಡಿ. ಉದಾಹರಣೆಗೆ 5.00, 4.00, 3.00, 2.00 ಲಾಗ್ ಐಯುಗೆ 5.53, 4.55, 3.51, 2.57 ಲಾಗ್ ಕಾಪಿ ಬಂತು ಅನ್ನಿ. ವ್ಯತ್ಯಾಸಗಳು 0.53, 0.55, 0.51, 0.57. ಸರಾಸರಿ 0.54. ಹತ್ತರ 0.54ನೇ ಘಾತ 3.47. ಅಂದರೆ ಈ ಲ್ಯಾಬಿನಲ್ಲಿ, ಈ ಪ್ರೈಮರಿನಲ್ಲಿ, ಈ ಎಕ್ಸ್‌ಟ್ರಾಕ್ಷನ್ನಿನಲ್ಲಿ ಒಂದು ಐಯು 3.47 ಕಾಪಿ. ಈ ಮೂರರಲ್ಲಿ ಯಾವುದು ಬದಲಾದರೂ ಅಂಕಿ ಬಿದ್ದುಹೋಗುತ್ತದೆ. ಸರಾಸರಿಯನ್ನು ಲಾಗಿನಲ್ಲೇ ತೆಗೆಯಬೇಕು. ನೇರ ಅಂಕಿಗಳ ಸರಾಸರಿ ತೆಗೆದರೆ ದೊಡ್ಡ ಅಂಕಿ ಎಲ್ಲವನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ವ್ಯತ್ಯಾಸ ಎಲ್ಲ ಹಂತದಲ್ಲೂ ಹೆಚ್ಚುಕಡಿಮೆ ಒಂದೇ ಇದ್ದರಷ್ಟೇ ಗುಣಕಕ್ಕೆ ಅರ್ಥ. ಮೇಲೆ 0.30, ಕೆಳಗೆ 0.75 ಎಂದು ಹರಡಿದ್ದರೆ ಸರಾಸರಿ ತೆಗೆದು ಮುಚ್ಚಿಹಾಕಬೇಡಿ. ಕೆಳಗಿನ ಹಂತಗಳಲ್ಲಿ ಮಾತ್ರ ಹೆಚ್ಚು ಬರುತ್ತಿದ್ದರೆ ಕಲಬೆರಕೆಯ ವಾಸನೆ ಇದೆ, ಖಾಲಿ ಪ್ಲಾಸ್ಮಾದ ಬಾವಿ ನೋಡಿ. ಮೇಲಿನ ಹಂತದಲ್ಲಿ ಕಡಿಮೆ ಬರುತ್ತಿದ್ದರೆ ಸಿಲಿಕಾ ಪೊರೆ ಅಥವಾ ಮಣಿಗಳು ತುಂಬಿಹೋಗಿರಬಹುದು, ಇಲ್ಲವೇ ಬೇಸ್‌ಲೈನ್ ತಪ್ಪು ಜಾಗದಲ್ಲಿ ಕೂತಿರಬಹುದು. ಪ್ರತಿ ಸ್ಯಾಂಪಲ್ಲಿಗೂ ಬೆರೆಸುವ ಆಂತರಿಕ ಕಂಟ್ರೋಲಿನ ಸಿಟಿ (ಸಂಕೇತ ಕಾಣಿಸಿಕೊಳ್ಳುವ ಪಿಸಿಆರ್ ಸುತ್ತು) ಎಲ್ಲ ಬಾವಿಗಳಲ್ಲೂ ಏಕಪ್ರಕಾರ ತಡವಾಗಿದ್ದರೆ ತಡೆವಸ್ತು ಎಲ್ಯೂಟಿನೊಳಗೆ ಬರುತ್ತಿದೆ. ಕೊನೆಯ ವಾಷ್ ಬಫರಿನ ಎಥನಾಲ್ ಒಣಗದೆ ಉಳಿಯುವುದು ಅದಕ್ಕೆ ತೀರಾ ಸಾಮಾನ್ಯ ಕಾರಣ.

ನಮ್ಮನ್ನು ಕೇಳಿದರೆ, ಗುಣಕವನ್ನೇ ಕೈಬಿಡಿ. ಪ್ಲಾಸ್ಮಿಡ್ ಕರ್ವ್ ತೆಗೆದುಹಾಕಿ, ಪ್ಲಾಸ್ಮಾದಲ್ಲೇ ಮಾಡಿದ, ಐಯುನಲ್ಲೇ ಬೆಲೆ ಕಟ್ಟಿದ ಕ್ಯಾಲಿಬ್ರೇಟರುಗಳನ್ನು ರೋಗಿಯ ಸ್ಯಾಂಪಲ್ಲಿನ ಪಕ್ಕದಲ್ಲೇ ಎಕ್ಸ್‌ಟ್ರಾಕ್ಟ್ ಮಾಡಿ. ಆಗ ಕಾಪಿ ಎಂಬ ಮಾತೇ ನಡುವೆ ಬರುವುದಿಲ್ಲ. ಎಲ್ಯೂಷನ್ ಪ್ರಮಾಣದ ಗುಣಾಕಾರವೂ ತಾನಾಗಿಯೇ ಮಾಯ, ಯಾಕೆಂದರೆ ಎರಡಕ್ಕೂ ಒಂದೇ ನಷ್ಟ, ಒಂದೇ ಎಲ್ಯೂಷನ್. ಖರ್ಚು ಹೆಚ್ಚು, ಪ್ರತಿ ಓಟದಲ್ಲೂ (ಯಂತ್ರವನ್ನು ಓಡಿಸುವ ಪ್ರತಿ ಸಲವೂ) ನಾಲ್ಕು ಬಾವಿ ಹೋಗುತ್ತದೆ. ಆದರೂ ಮೇಲೆ ಹೇಳಿದ ಎಕ್ಸೆಲ್ ಹಾಳೆಯ ಅವಾಂತರಕ್ಕಿಂತ ವಾಸಿ.

ನಿಮ್ಮದೇ ಎರಡನೇ ಮಾನಕ

ಇದಕ್ಕೆ ಬೇಕಾದದ್ದು ಹೆಚ್ಚು ಲೋಡ್ ಇರುವ ಒಂದು ಪ್ಲಾಸ್ಮಾ, ನೈತಿಕ ಸಮಿತಿಯ ಒಪ್ಪಿಗೆಯೊಂದಿಗೆ. ಅದನ್ನು ನೆಗೆಟಿವ್ ಪ್ಲಾಸ್ಮಾದಲ್ಲಿ ಬೆರೆಸಿ ಎರಡು ಹಂತ ಮಾಡಿ: ಒಂದು ಚಿಕಿತ್ಸೆಯ ಗಡಿಯಾದ 2,000 ಐಯು ಸುತ್ತ, ಇನ್ನೊಂದು 100ರ ಸುತ್ತ. ಒಂದು ಓಟಕ್ಕೆ ಸಾಕಾಗುವಷ್ಟೇ ಪ್ರತಿ ಟ್ಯೂಬಿಗೂ ತುಂಬಿ ಮೈನಸ್ 70ರಲ್ಲಿಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ತುಂಬುವಾಗ ದೊಡ್ಡ ಪಾತ್ರೆಯನ್ನು ಬಿಡದೆ ಮೆಲ್ಲಗೆ ತಿರುಗಿಸುತ್ತಿರಿ, ಇಲ್ಲದಿದ್ದರೆ ಮೊದಲ ಟ್ಯೂಬಿಗೂ ಕೊನೆಯ ಟ್ಯೂಬಿಗೂ ಹೊಂದುವುದಿಲ್ಲ. ಮೊದಲು, ನಡು, ಕೊನೆಯಿಂದ ಕೆಲವನ್ನು ತೆಗೆದು ಪರೀಕ್ಷಿಸಿ ನೋಡಿ.

ಬೆಲೆ ಕಟ್ಟುವುದು ಮಾನಕದ ಸೀಸೆಯ ಜೊತೆಯಲ್ಲೇ, ಒಂದೇ ಓಟದಲ್ಲಿ. ಮೂರು ದಿನ, ದಿನಕ್ಕೆ ಮೂರು ಎಕ್ಸ್‌ಟ್ರಾಕ್ಷನ್, ಒಟ್ಟು ಒಂಬತ್ತು. ಒಂಬತ್ತರ ಹರವು (ಸ್ಟ್ಯಾಂಡರ್ಡ್ ಡೀವಿಯೇಷನ್, ಎಸ್‌ಡಿ) 0.10 ಲಾಗ್ ಇದ್ದರೆ ಸರಾಸರಿಯ ಅನಿಶ್ಚಿತತೆ 0.033, ಎರಡು ಪಟ್ಟು ಮಾಡಿ ಸುಮಾರು 0.07 ಎಂದು ಬರೆದಿಡಿ. ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್‌ನಿಂದ ತಪಾಸಣೆಗೆ ಬಂದವರು ವೈದ್ಯಕೀಯ ಲ್ಯಾಬುಗಳ ಗುಣಮಟ್ಟದ ಮಾನದಂಡ ಐಎಸ್‌ಒ 15189ರ ಹೆಸರಿನಲ್ಲಿ ಕೇಳುವ ‘ಟ್ರೇಸಬಿಲಿಟಿ’ ಎಂದರೆ ಬೇರೇನಲ್ಲ, ರೋಗಿಯ ಅಂಕಿಯಿಂದ ಈ ಟ್ಯೂಬಿಗೆ, ಟ್ಯೂಬಿನಿಂದ ಸೀಸೆಯ ಕೋಡಿಗೆ ಬೆರಳಿಟ್ಟು ತೋರಿಸಬಲ್ಲ ಸರಪಳಿ. ಮುಂದೆ ಪ್ರತಿ ಓಟದಲ್ಲೂ ಈ ಟ್ಯೂಬುಗಳನ್ನು ಹಾಕಿ ಲೆವಿ-ಜೆನ್ನಿಂಗ್ಸ್ ಹಾಳೆಯಲ್ಲಿ (ಓಟದಿಂದ ಓಟಕ್ಕೆ ಕಂಟ್ರೋಲಿನ ಅಂಕಿ ಹೇಗೆ ಅಲುಗುತ್ತದೆ ಎಂದು ತೋರಿಸುವ ಗ್ರಾಫಿನಲ್ಲಿ) ಗುರುತಿಸಿ. ಒಂದು ಚುಕ್ಕೆ ಮೂರು ಎಸ್‌ಡಿ ದಾಟಿದರೆ ಓಟ ರದ್ದು. ಸತತ ಹತ್ತು ಚುಕ್ಕೆ ಒಂದೇ ಕಡೆ ಕೂತರೆ ಎಲ್ಲವೂ ಮಿತಿಯೊಳಗಿದ್ದರೂ ಯಾವುದೋ ಲಾಟ್ ಜಾರಿದೆ.

ಸೀಸೆ ಮುಟ್ಟದ ಜಾಗಗಳು

ಮಾನಕದ ಸೀಸೆ 6 ಲಾಗ್ ಹತ್ತಿರ ನಿಲ್ಲುತ್ತದೆ. ರೋಗಿಗಳಲ್ಲಿ 8, 9 ಲಾಗ್ ಬರುವುದು ಅಪರೂಪವಲ್ಲ. ಹೆಚ್ಚಿನ ಲೋಡಿನ ಸ್ಯಾಂಪಲ್ಲನ್ನು ಹತ್ತು ಹತ್ತು ಪಟ್ಟು ಇಳಿಸುತ್ತ ಮಾನಕವಿರುವ ವಲಯಕ್ಕೆ ತಂದು ಅಲ್ಲಿ ಬೆಲೆ ಕಟ್ಟಿ, ನಂತರ ಅದೇ ಗೆರೆ ಮೇಲೆ ನೇರವಾಗಿ ಹೋಗುತ್ತದೆಯೇ ನೋಡಬೇಕು. ಎಲ್ಲಿ ಬಾಗುತ್ತದೋ ಅಲ್ಲಿಗೆ ನಿಮ್ಮ ವ್ಯಾಪ್ತಿ ಮುಗಿಯಿತು.

ಕೆಳಗಿನ ತುದಿಯಲ್ಲಿ ಸಂಭವದ ಲೆಕ್ಕ ಶುರುವಾಗುತ್ತದೆ. ಟ್ಯೂಬಿಗೆ ಸರಾಸರಿ ಮೂರು ಜೀನೋಮ್ ಬೀಳುವಂತಿದ್ದರೆ ನೂರರಲ್ಲಿ ಐದು ಟ್ಯೂಬುಗಳಿಗೆ ಒಂದೂ ಬೀಳುವುದಿಲ್ಲ. ಎಷ್ಟೇ ಒಳ್ಳೆಯ ಯಂತ್ರವಿದ್ದರೂ ಅಷ್ಟೇ. ಒಂದು ಐಯುಗೆ ಐದು ಜೀನೋಮ್, ಎಕ್ಸ್‌ಟ್ರಾಕ್ಷನ್ನಿನಲ್ಲಿ ಶೇ. 60 ಉಳಿಕೆ, ಟ್ಯೂಬಿಗೆ 100 ಮೈಕ್ರೊಲೀಟರಿನ ಪಾಲು ಎಂದಿಟ್ಟುಕೊಂಡರೆ 10 ಐಯು/ಮಿ.ಲೀ. ಸ್ಯಾಂಪಲ್ಲಿನಿಂದ ಬೀಳುವುದು ಸರಿಯಾಗಿ ಮೂರು. ಅಂಥ ಜೋಡಣೆಯಲ್ಲಿ ‘ನಾವು 2 ಐಯುವರೆಗೆ ಹಿಡಿಯುತ್ತೇವೆ’ ಎಂದು ಹೇಳಿಕೊಂಡರೆ ನಂಬಬೇಡಿ. ಪತ್ತೆಯ ಮಿತಿ ಗೊತ್ತುಮಾಡಲು 40, 20, 10, 5, 2.5 ಐಯು ಹಂತಗಳು, ಪ್ರತಿಯೊಂದಕ್ಕೂ 24 ಎಕ್ಸ್‌ಟ್ರಾಕ್ಷನ್, ಪ್ರೋಬಿಟ್ ಎಂಬ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಶೇ. 95 ಪತ್ತೆಯಾಗುವ ಬಿಂದು. ಅರ್ಧ ಮಿಲಿಲೀಟರಿನಂತೆ ಇದೊಂದಕ್ಕೇ 60 ಮಿ.ಲೀ. ಪ್ಲಾಸ್ಮಾ ಬೇಕು. ನೂರು ಮಿಲಿಲೀಟರ್ ಕೇಳಿದ್ದು ಅದಕ್ಕೇ.

ಎಚ್‌ಬಿವಿ ಮಾನಕ ಜೀನೋಟೈಪ್ (ವೈರಸ್ಸಿನ ಆನುವಂಶಿಕ ಬಗೆ) ಎ. ಭಾರತದ ರೋಗಿಗಳಲ್ಲಿ ಡಿ ಹೆಚ್ಚು, ಎ ಕೂಡ ಸಾಕಷ್ಟಿದೆ, ಪೂರ್ವದ ಕಡೆ ಸಿ ಸಿಗುತ್ತದೆ. ಎಗೆ ಸರಿಹೊಂದಿಸಿದ ಪ್ರೋಬ್ (ವೈರಸ್ಸಿನ ಡಿಎನ್‌ಎಗೆ ಅಂಟಿ ಬೆಳಕಿನ ಸಂಕೇತ ಕೊಡುವ ತುಣುಕು) ಕೆಳಗೆ ಡಿಯಲ್ಲಿ ಒಂದು ಬೇಸ್ ಬದಲಿದ್ದರೆ ಸಿಟಿ ಒಂದೆರಡು ಸುತ್ತು ತಡವಾಗಿ, ಲೋಡ್ ಅರ್ಧವೋ ಕಾಲೋ ಆಗಿ ಕಾಣುತ್ತದೆ. ಕರ್ವ್ ಅಚ್ಚುಕಟ್ಟಾಗೇ ಇರುತ್ತದೆ, ಅದೇ ಮೋಸ. ಪಾಲ್ ಎರ್ಲಿಶ್ ಸಂಸ್ಥೆಯ ಜೀನೋಟೈಪ್ ಪ್ಯಾನೆಲ್ ಇರುವುದು ಇದನ್ನು ನೋಡುವುದಕ್ಕೇ. ಅದು ಸಿಗದಿದ್ದರೆ ಕನಿಷ್ಠ 40 ರೋಗಿಗಳ ಸ್ಯಾಂಪಲ್ಲುಗಳನ್ನು ಐಯುಗೆ ಕಟ್ಟಿದ ಇನ್ನೊಂದು ವಿಧಾನದಲ್ಲೂ ಮಾಡಿಸಿ, ವ್ಯತ್ಯಾಸವನ್ನು ಸರಾಸರಿಯ ಎದುರು ಗುರುತಿಸಿ. 0.5 ಲಾಗ್ ಅಂದರೆ ಮೂರು ಪಟ್ಟು. ಅದನ್ನು ಮೀರಿದ ಪ್ರತಿ ಸ್ಯಾಂಪಲ್ಲಿನ ಜೀನೋಟೈಪ್ ಹುಡುಕಿ.

ಸಿಎಂವಿಯಲ್ಲಿ ಕಷ್ಟ ಇನ್ನೂ ಆಳ. ಮಾನಕ ಬರುವ ಮುನ್ನ ಒಂದೇ ಸ್ಯಾಂಪಲ್ಲಿಗೆ ಲ್ಯಾಬುಗಳ ಉತ್ತರ ನಾಲ್ಕು ಲಾಗ್‌ವರೆಗೆ, ಹತ್ತು ಸಾವಿರ ಪಟ್ಟು, ಹರಡಿದ್ದುಂಟು. 2010ರ ಸೀಸೆ (09/162) ಅದನ್ನು ಬಹಳಷ್ಟು ಕಡಿಮೆ ಮಾಡಿತು, ಪೂರ್ತಿ ಅಳಿಸಲಿಲ್ಲ. ಸೀಸೆಯಲ್ಲಿರುವುದು ಮರ್ಲಿನ್ ತಳಿಯ ಇಡೀ ವೈರಸ್. ಅಂಗಾಂಗ ಕಸಿಯಾದವರ ಪ್ಲಾಸ್ಮಾದಲ್ಲಿರುವ ಸಿಎಂವಿ ಡಿಎನ್‌ಎ ಹೆಚ್ಚಾಗಿ ವೈರಸ್ಸಿನ ಕವಚದೊಳಗಿಲ್ಲದ ತುಂಡುಗಳು. ನಿಮ್ಮ ಆಂಪ್ಲಿಕಾನ್ (ಪಿಸಿಆರ್ ನಕಲು ಮಾಡುವ ಭಾಗ) 300 ಬೇಸ್ ಉದ್ದವಿದ್ದರೆ ಸೀಸೆಯ ಡಿಎನ್‌ಎ ಪೂರ್ತಿ ಹಿಡಿಯುತ್ತದೆ, ರೋಗಿಯ ತುಂಡುಗಳಲ್ಲಿ ಬಹುಪಾಲು ಕೈತಪ್ಪುತ್ತವೆ. 100 ಬೇಸಿಗಿಂತ ಚಿಕ್ಕದಿದ್ದರೆ ಎರಡೂ ಸಿಗುತ್ತವೆ. ಎರಡೂ ಬಗೆಯ ಲ್ಯಾಬುಗಳು ಐಯು ಎಂದೇ ಬರೆಯುತ್ತವೆ, ಅಂಕಿ ಮಾತ್ರ ಹೊಂದುವುದಿಲ್ಲ. ಇಡೀ ರಕ್ತ ಮತ್ತು ಪ್ಲಾಸ್ಮಾದ ಅಂಕಿಗಳನ್ನಂತೂ ಐಯು ಇದ್ದರೂ ಅದಲುಬದಲು ಮಾಡಲಾಗದು. ಸಿಎಂವಿ ರೋಗಿಯನ್ನು ಒಂದೇ ಲ್ಯಾಬಿನಲ್ಲಿ, ಒಂದೇ ಬಗೆಯ ಸ್ಯಾಂಪಲ್ಲಿನಲ್ಲಿ ಹಿಂಬಾಲಿಸುವುದೇ ಈಗಲೂ ಸರಿ.

ಎಚ್‌ಐವಿಯ ಕಥೆ ವಿಚಿತ್ರ. ಮಾನಕ 1999ರಿಂದ ಇದೆ, ಆದರೆ ವೈದ್ಯರು ಇನ್ನೂ ಕಾಪಿಯಲ್ಲೇ ಮಾತಾಡುತ್ತಾರೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) ಕಾರ್ಯಕ್ರಮದಲ್ಲೂ 1,000 ಕಾಪಿ/ಮಿ.ಲೀ. ಎಂಬುದೇ ಗಡಿ. ಬಳಕೆಯಲ್ಲಿರುವ ಕಿಟ್ಟುಗಳಲ್ಲಿ ಒಂದು ಕಾಪಿ ಸುಮಾರು 1.7 ಐಯು, ಎಚ್‌ಬಿವಿಗೆ ತಿರುಗುಮುರುಗು. ಇಲ್ಲಿ ಹಟಕ್ಕೆ ಐಯುಗೆ ಹೋಗಿ ವೈದ್ಯರನ್ನು ಗೊಂದಲಕ್ಕೆ ದೂಡಬೇಡಿ. ಒಳಗಿನ ಕ್ಯಾಲಿಬ್ರೇಷನ್ ಐಯುಗೆ ಕಟ್ಟಿರಲಿ, ರಿಪೋರ್ಟು ಕಾಪಿಯಲ್ಲಿ ಹೋಗಲಿ.

ರಿಪೋರ್ಟು

ಎಚ್‌ಬಿವಿಗೆ ಐಯು/ಮಿ.ಲೀ. ಮತ್ತು ಅದರ ಲಾಗ್, ಎರಡನ್ನೂ ಕೊಡಿ. 2,000 ಅಂದರೆ 3.30 ಲಾಗ್. 20,000 ಅಂದರೆ 4.30. ಗರ್ಭಿಣಿಯರಿಗೆ ಔಷಧ ನಿರ್ಧರಿಸುವ 2,00,000 ಅಂದರೆ 5.30. ಯಂತ್ರ 12,347 ಎಂದರೂ 12,000 ಎಂದು ಬರೆಯಿರಿ. 0.2 ಲಾಗ್ ಅಲುಗಾಡುವ ಪರೀಕ್ಷೆಯಲ್ಲಿ ಆ 347ಕ್ಕೆ ಬೆಲೆಯಿಲ್ಲ. ‘ಪತ್ತೆಯಾಗಿಲ್ಲ’ ಬೇರೆ, ‘ಪತ್ತೆಯಾಗಿದೆ, 10 ಐಯುಗಿಂತ ಕಡಿಮೆ’ ಬೇರೆ. ಎರಡಕ್ಕೂ ಸೊನ್ನೆ ಎಂದು ಬರೆಯಬೇಡಿ. ಎರಡು ರಿಪೋರ್ಟುಗಳ ನಡುವೆ 0.5 ಲಾಗ್ ಮೀರದ ಏರಿಳಿತವನ್ನು ಏರಿತು, ಇಳಿಯಿತು ಎಂದು ಓದಬಾರದೆಂದು ಅಡಿಯಲ್ಲಿ ಒಂದು ಸಾಲು ಇರಲಿ.

ಬದಲಾವಣೆಯ ದಿನ ಹೆಚ್ಚು ಎಡವುವುದು ಕಂಪ್ಯೂಟರಿನಲ್ಲಿ. ಲ್ಯಾಬಿನ ಸಾಫ್ಟ್‌ವೇರಿನಲ್ಲಿ ಹಳೆಯ ಟೆಸ್ಟಿನ ಯೂನಿಟ್ ಖಾನೆಯಲ್ಲಿ ‘ಕಾಪಿ’ ಅಳಿಸಿ ‘ಐಯು’ ಎಂದು ಹಾಕಿಬಿಟ್ಟರೆ, ಎಷ್ಟೋ ಸಾಫ್ಟ್‌ವೇರುಗಳು ಹಿಂದಿನ ವರ್ಷಗಳ ಎಲ್ಲ ಅಂಕಿಗಳ ಮುಂದೆಯೂ ಐಯು ಎಂದೇ ಮುದ್ರಿಸುತ್ತವೆ. ಹೋದ ವರ್ಷ 34,000 ಕಾಪಿ ಇದ್ದ ರೋಗಿ ಈ ವರ್ಷ 10,000 ಐಯುಗೆ ‘ಇಳಿದಂತೆ’ ಗ್ರಾಫಿನಲ್ಲಿ ಕಾಣುತ್ತಾರೆ. ಲೋಡ್ ಎಳ್ಳಷ್ಟೂ ಬದಲಾಗಿರುವುದಿಲ್ಲ. ಆದ್ದರಿಂದ ಹಳೆಯ ಟೆಸ್ಟ್ ಕೋಡನ್ನು ಮುಟ್ಟದೆ ನಿಲ್ಲಿಸಿ, ಐಯುಗೆ ಹೊಸ ಕೋಡ್ ತೆರೆಯಿರಿ. ಮೊದಲ ಆರು ತಿಂಗಳು ಹೊಸ ರಿಪೋರ್ಟಿನಲ್ಲಿ ‘ಹಿಂದಿನ ಕಾಪಿ/ಮಿ.ಲೀ. ಫಲಿತಾಂಶದೊಂದಿಗೆ ಹೋಲಿಸಬೇಡಿ’ ಎಂದು ಅಚ್ಚಾಗಲಿ. ಚಿಕಿತ್ಸೆಯಲ್ಲಿರುವ ಹಳೆಯ ರೋಗಿಗಳ ಹಿಂದಿನ ಸ್ಯಾಂಪಲ್ ಫ್ರೀಜರಿನಲ್ಲಿ ಉಳಿದಿದ್ದರೆ ಅದನ್ನು ಹೊಸ ಅಳತೆಯಲ್ಲಿ ಇನ್ನೊಮ್ಮೆ ಓಡಿಸಿ ಅವರ ಗ್ರಾಫನ್ನು ಅಲ್ಲಿಂದ ಶುರುಮಾಡಿ.